ಬ್ಯಾಂಡೇಜು ಕಟ್ಟಿದ ರಿಜಿಸ್ಟರು

ಬೀಗ ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ಎಂಟು ವರ್ಷದ ಮೇಲೆ, ಎರಡು ವಿಮಾನ ಬದಲಾಯಿಸಿ, ಒಂದು ಚಕ್ರ ಮುರಿದ ಪೆಟ್ಟಿಗೆಯನ್ನು ದರದರ ಎಳೆದುಕೊಂಡು ಬಂದವಳು ನಾನು. ಮುಖ ಕೂಡ ತೊಳೆಯದೆ ನೇರ ಮನೆಯ ಹಿಂಬದಿಗೆ ಓಡಿದ್ದೆ. ಅಲ್ಲಿ ಚಿಕ್ಕಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವ ಕೋಣೆ. ಉದ್ದನೆಯ ಮೇಜು, ತಿರುಗಣೆ ತಿರುಗಿಸಿ ಪುಸ್ತಕ ಬಿಗಿಯುವ ಕಬ್ಬಿಣದ ಒತ್ತುಯಂತ್ರ, ಹೊಲಿಗೆಯ ಚೌಕಟ್ಟು, ಕಿಟಕಿ ಪಕ್ಕ ಅಂಟು ಕಾಯಿಸುವ ಪುಟ್ಟ ಒಲೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಬಾಗಿಲಿಗೆ ಮಾತ್ರ ಅಂಗೈಯಗಲದ ಬೀಗ.

"ಇದೇನು ಚಿಕ್ಕಮ್ಮ, ಬೀಗ?"

"ಒಳಗೆಲ್ಲ ಧೂಳು ಕಣೇ ಅಂಟು. ಮೊದ್ಲು ಕೈಕಾಲು ತೊಳ್ಕೊ, ಬಾ."

ಅಂಟು ಎಂದರೆ ನಾನೇ. ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿಯಲ್ಲ; ರಕ್ತಸಂಬಂಧದ ಮಾತು ಬಿಡಿ, ನಾವು ಒಂದೇ ದೇಶದವರೂ ಅಲ್ಲ. ಹದಿನಾರನೇ ವಯಸ್ಸಿನಲ್ಲಿ ವಿದ್ಯಾರ್ಥಿ ವಿನಿಮಯ ಎಂದು ನನ್ನನ್ನು ಒಂದು ವರ್ಷ ಈ ಊರಿಗೆ ಕಳಿಸಿದ್ದರು, ಈ ಮನೆಯವರು ಇಟ್ಟುಕೊಂಡಿದ್ದರು. ಮನೆಯೊಡತಿಯನ್ನು ಏನೆಂದು ಕರೆಯುವುದೆಂದು ತಿಳಿಯದೆ ಬಾಯಿಗೆ ಬಂದಂತೆ ಚಿಕ್ಕಮ್ಮ ಎಂದೆ. ಅದು ಯಾವುದೋ ದೊಡ್ಡ ಬಿರುದು ಎಂದುಕೊಂಡು ಅವಳು ಖುಷಿಯಾಗಿ ಒಪ್ಪಿಕೊಂಡಳು. ಬಸ್ಸು ಓಡಿಸುವ ಅವಳ ಗಂಡ ಚಿಕ್ಕಪ್ಪನಾದ. ಸ್ಕೂಲು ಬಿಟ್ಟ ಮೇಲೆ ನಾನು ಆ ಕೋಣೆಯಲ್ಲೇ ಬಿದ್ದಿರುತ್ತಿದ್ದೆ, ಬೆರಳಿಂದ ಮೊಣಕೈವರೆಗೆ ಗೋಂದು ಮೆತ್ತಿಕೊಂಡು. ಅದಕ್ಕೆ ನಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ಅಂಟು ಎಂದೆ. ಅವತ್ತಿನಿಂದ ಅದೇ ನನ್ನ ಹೆಸರು. ಅವರು ಆಡುವುದು ಅಲ್ಲಿಯ ಭಾಷೆ, ನಿಜ. ಆದರೆ ನನ್ನ ಕಿವಿಗೆ ಅದು ಕೇಳುವುದು ಹೀಗೇ, ಹಾಗಾಗಿ ಹೀಗೇ ಬರೆಯುತ್ತೇನೆ.

ಈಗ ಬಂದದ್ದು ದೊಡ್ಡ ಓದಿಗೆ. ಹಳೆಯ ಪುಸ್ತಕ, ಕಾಗದಪತ್ರ ಹಾಳಾಗದಂತೆ ಕಾಪಾಡುವ ಎರಡು ವರ್ಷದ ಸ್ನಾತಕೋತ್ತರ ಕೋರ್ಸು. ಇಡೀ ತರಗತಿಗೆ ಎಂಟೇ ಸೀಟು. ನನಗೆ ಸಿಕ್ಕಿದ್ದು ಅರ್ಜಿಯ ಮೊದಲ ವಾಕ್ಯದಿಂದ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. "ಹದಿನಾರನೇ ವಯಸ್ಸಿನಲ್ಲಿ, ನಿಮ್ಮ ಊರಿನ ಜನನ ನೋಂದಣಿ ರಿಜಿಸ್ಟರೊಂದನ್ನು ನನ್ನ ಕೈಯಾರೆ ರಿಪೇರಿ ಮಾಡಿದೆ." ಇಂಥ ವಾಕ್ಯ ಯಾರ ಅರ್ಜಿಯಲ್ಲಿರುತ್ತದೆ ಹೇಳಿ?

ಸುಳ್ಳೇನೂ ಅಲ್ಲ. ಆ ವರ್ಷದ ಕೊನೆಗೆ ಚಿಕ್ಕಮ್ಮನ ತಾಯಿಗೆ ಹುಷಾರಿಲ್ಲದೆ ಅವಳು ನಾಲ್ಕು ದಿನ ತವರೂರಿಗೆ ಹೋಗಿದ್ದಳು. ನಗರಸಭೆಯ ರಿಜಿಸ್ಟರು ಸೋಮವಾರಕ್ಕೆ ಆಗಬೇಕಿತ್ತು. ಅವಳು ಕಾಯಿಸಿಟ್ಟಿದ್ದ ಗೋಧಿಹಿಟ್ಟಿನ ಅಂಟು ಹುಳಿತು ಹೋಗಿತ್ತು. ನಾನು ಸುಮ್ಮನೆ ಕೂರುವವಳೇ? ಸ್ಕೂಲಿನ ಪ್ರಾಜೆಕ್ಟಿಗೆ ತಂದಿದ್ದ ಬಿಳಿ ಅಂಟಿನ ಡಬ್ಬಿ ತೆಗೆದೆ. ಹರಿದ ಹಾಳೆಗಳ ಅಂಚಿಗೆಲ್ಲ ಬಳಿದು ತೆಳು ಕಾಗದ ಕೂರಿಸಿದೆ. ಬೆನ್ನಿಗೆ ಹಚ್ಚುವ ಜಾಳು ಬಟ್ಟೆ ಮುಗಿದಿತ್ತು. ನನ್ನ ಅಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮಗಳು ಪರದೇಶದಲ್ಲಿ ಬಿದ್ದು ಎದ್ದರೆ ಇರಲಿ ಎಂದು ಪೆಟ್ಟಿಗೆಯಲ್ಲಿ ಆರು ಸುರುಳಿ ಬ್ಯಾಂಡೇಜು ತುರುಕಿದ್ದಳು. ಅಂಚಿನಲ್ಲಿ ಸಣ್ಣ ನೀಲಿ ಗೆರೆಯಿದ್ದ ಬ್ಯಾಂಡೇಜು. ಅದನ್ನೇ ರಿಜಿಸ್ಟರಿನ ಬೆನ್ನಿಗೆ ಹಚ್ಚಿದೆ. ಒತ್ತುಯಂತ್ರಕ್ಕೆ ಹಾಕಿ, ಇದ್ದಬದ್ದ ಶಕ್ತಿಯೆಲ್ಲ ಬಿಟ್ಟು ಬಿಗಿದೆ. ಕೊನೆಗೆ ಹಿಂದಿನ ರಟ್ಟಿನ ಒಳಬದಿಯಲ್ಲಿ ಚಿಕ್ಕಮ್ಮನ ಹೆಸರಿದ್ದ ಪುಟ್ಟ ಲೇಬಲ್ಲನ್ನೂ ಅಂಟಿಸಿದೆ. ಅವಳು ವಾಪಸು ಬಂದವಳು ಅದರ ಬೆನ್ನು ಸವರಿ, ನನ್ನ ಮುಖ ನೋಡಿ, "ಚೆನ್ನಾಗಿದೆ" ಎಂದಳು. ಮೂರು ವಾರಕ್ಕೆ ನಾನು ವಿಮಾನ ಹತ್ತಿದೆ.

ಆ ಒಂದು ಮಾತು ಹಿಡಿದುಕೊಂಡೇ ನಾನು ಎಂಟು ವರ್ಷ ಕಳೆದದ್ದು. ಊರಿನಲ್ಲಿ ಡಿಗ್ರಿ ಮಾಡುವಾಗ ಎಲ್ಲರೂ ಬೇರೆ ಬೇರೆ ಬುದ್ಧಿ ಹೇಳಿದರು, ಕೇಳಲಿಲ್ಲ. ಹೊರಡುವ ಹಿಂದಿನ ದಿನ ಅಮ್ಮ ಮಾತ್ರ, "ಒಂದ್ಸಲ ಮಗಳಾಗಿದ್ದ ಮನೆಗೆ ಮತ್ತೆ ಹೋಗೋದು ಸುಲಭ ಅಲ್ಲ ಕಣೇ. ನೀನೂ ಬೆಳೆದಿದೀಯ, ಆ ಮನೆಗೂ ವಯಸ್ಸಾಗಿದೆ" ಎಂದಳು. ನಾನು "ಸರಿ ಸರಿ" ಎಂದು ಪೆಟ್ಟಿಗೆಯ ಜಿಪ್ಪು ಎಳೆದೆ.

ಬಂದ ಮೇಲೆ ಏನೂ ತಾಳೆಯಾಗಲಿಲ್ಲ. ಮಹಡಿಯ ನನ್ನ ಕೋಣೆ ಹಾಗೇ ಇತ್ತು, ಆದರೆ ಮಂಚ ಗಿಡ್ಡವಾಗಿತ್ತು. ನನ್ನ ನಾಲಿಗೆಯಲ್ಲಿ ಅಲ್ಲಿಯ ಭಾಷೆ ಹದಿನಾರಕ್ಕೇ ನಿಂತುಹೋಗಿತ್ತು. ಕಾಲೇಜಿನ ಆಫೀಸಿನಲ್ಲಿ ಬಿಳಿಕೂದಲಿನ ಗುಮಾಸ್ತೆಯ ಎದುರು "ಏನ್ ಗುರು, ನನ್ ಫೈಲ್ ಎಲ್ಲಿ ಹೋಯ್ತು" ಎನ್ನುವ ಧಾಟಿಯಲ್ಲಿ ಬಾಯಿಬಿಟ್ಟೆ. ಆಕೆ ಕನ್ನಡಕ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ಮನೆಯಲ್ಲಿ ಅದಕ್ಕಿಂತ ವಿಚಿತ್ರ. ಚಿಕ್ಕಮ್ಮ ಬೆಳಗ್ಗೆ ಆರಕ್ಕೆ ಎದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳ ಕೆಲಸ ಹಾಸಿಗೆ ಬಟ್ಟೆ ಮಡಿಸುವುದು. ಮೂಳೆಯ ಕಡ್ಡಿಯಿಂದ ಕಾಗದವನ್ನು ಒಂದೇ ಎಳೆತಕ್ಕೆ ಮಡಿಸುತ್ತಿದ್ದ ಕೈ!

"ರಟ್ಟು ಕಟ್ಟೋದು ಯಾಕೆ ಬಿಟ್ಟೆ?" ಎಂದು ಕೇಳಿದರೆ, "ಕಣ್ಣು ಮಂಜು" ಎಂದಳು. ಮರುದಿನ ಕೇಳಿದರೆ, "ಈಗ ಯಾರು ಬರ್ತಾರೆ ಬಿಡು, ಎಲ್ಲ ಕಂಪ್ಯೂಟರು" ಎಂದಳು. ಮೂರನೇ ದಿನ, "ಒಂದೇ ಪ್ರಶ್ನೆನ ಎಷ್ಟು ಸಲ ಅಂಟಿಸ್ತೀಯ?" ಎಂದು ರೇಗಿದಳು. ದಿನಕ್ಕೊಂದು ಕಾರಣ ಹೇಳುವವರ ಬಳಿ ನಿಜವಾದ ಕಾರಣ ಬೇರೆಯೇ ಇರುತ್ತದೆ ಎನ್ನುವುದಕ್ಕೆ ದೊಡ್ಡ ಓದು ಬೇಕಿಲ್ಲ. ಆದರೆ ಏನದು? ನನ್ನ ಮೇಲೆ ಪ್ರೀತಿ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ; ತಟ್ಟೆಗೆ ಬೇಡ ಬೇಡ ಎಂದರೂ ಬಡಿಸುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ.

ಬಾಯಿ ಜಾರಿದ್ದು ಚಿಕ್ಕಪ್ಪ. ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಅವನ ಬಸ್ಸಿನಲ್ಲೇ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಒರೆಸುತ್ತ, "ನಿಮ್ ಕಾಲೇಜಿನವರು ಒಳ್ಳೆ ವರದಿ ಕೊಟ್ರೆ ಸಾಕು ಮಾರಾಯ್ತಿ, ಅವಳಿಗೆ ನಗರಸಭೆ ಕೆಲಸ ಮತ್ತೆ ಸಿಗತ್ತೆ. ಎಂಟು ವರ್ಷ ಆದ್ಮೇಲೆ ಈಗ ಅರ್ಜಿ ಹಾಕಿದಾಳೆ" ಎಂದ.

"ಮತ್ತೆ ಅಂದ್ರೆ? ಮೊದ್ಲು ಯಾಕೆ ಹೋಯ್ತು?"

"ಒಂದು ಕೆಲಸ ಕೆಟ್ಟಿತ್ತಲ್ಲ, ಅದಕ್ಕೇ..." ಅವನ ಕೈ ಕನ್ನಡಿಯ ಮೇಲೆ ನಿಂತಿತು. "ನಾನೇನೂ ಹೇಳ್ಲಿಲ್ಲ. ನೀನೇನೂ ಕೇಳ್ಲಿಲ್ಲ. ಹೋಗು, ಹಿಂದೆ ಕೂತ್ಕೊ."

ಚಿಕ್ಕಮ್ಮನ ಕೈಯಲ್ಲಿ ಕೆಲಸ ಕೆಡುವುದೇ? ದಾರಿಯುದ್ದಕ್ಕೂ ಯೋಚಿಸಿದೆ. ಒಂದೇ ಒಂದು ಸಲ ಕೂಡ ನನ್ನ ತಲೆಗೆ ನನ್ನ ಹೆಸರು ಹೊಳೆಯಲಿಲ್ಲ, ನೋಡಿ. ಅಷ್ಟು ಜಂಬ.

ಅವತ್ತೇ ತರಗತಿಯಲ್ಲಿ ಮೇಡಂ ಒಂದು ಬೂದು ಬಣ್ಣದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ನಮ್ಮ ಮೇಡಂ ಮಾತು ಕಡಿಮೆ, ಕೆಲಸ ಜಾಸ್ತಿ. ಮೊದಲ ದಿನ ಅವರು ಹೇಳಿದ್ದು ಒಂದೇ ಪಾಠ: ನಾವು ಮಾಡಿದ ರಿಪೇರಿಯನ್ನು ನಾಳೆ ಇನ್ನೊಬ್ಬರು ಬಿಚ್ಚುವ ಹಾಗಿರಬೇಕು, ಬಿಚ್ಚಲು ಬಾರದ್ದು ರಿಪೇರಿಯಲ್ಲ. ಪೆಟ್ಟಿಗೆಯಿಂದ ಒಂದು ದಪ್ಪ ರಿಜಿಸ್ಟರು ಹೊರಬಂತು. ಹಸಿರು ಬಟ್ಟೆಯ ರಟ್ಟು, ಮೂಲೆಯಲ್ಲಿ ಕಂದು ಕಲೆ. ನನಗೆ ಎಷ್ಟು ಖುಷಿಯಾಯಿತೆಂದರೆ ಕೈ ಅರ್ಧಕ್ಕೆ ಎತ್ತಿಯೇಬಿಟ್ಟಿದ್ದೆ. ನನ್ನ ರಿಜಿಸ್ಟರು! ಆ ಕಲೆ ನಾನು ಚಹಾ ಚೆಲ್ಲಿದ್ದು!

"ಇದನ್ನ ಯಾರಾದ್ರೂ ತೆರೀರಿ ನೋಡೋಣ" ಎಂದರು ಮೇಡಂ.

ಮುಂದಿನ ಸಾಲಿನ ಹುಡುಗಿ ತೆರೆಯಲು ಹೋದಳು. ನಡುವಿನಲ್ಲಿ ಒಂದಿಷ್ಟು ಹಾಳೆಗಳು ಒಟ್ಟಿಗೇ ಎದ್ದವು, ಹಲಗೆಯ ತುಂಡಿನ ಹಾಗೆ. ಬೆನ್ನು ಲಟಕ್ಕೆಂದಿತು. ಸೀಳಿಹೋಗಿದ್ದ ಬೆನ್ನಿನ ಬಟ್ಟೆಯನ್ನು ಮೇಡಂ ಚಿಮಟದಿಂದ ಎತ್ತಿ ಒಳಗಿನದನ್ನು ತೋರಿಸಿದರು. ಹಳದಿಗಟ್ಟಿದ ಜಾಳು ಬಟ್ಟೆ. ಅಂಚಿನಲ್ಲಿ ಸಣ್ಣ ನೀಲಿ ಗೆರೆ.

"ಅಯ್ಯೋ, ಆಸ್ಪತ್ರೆ ಬ್ಯಾಂಡೇಜು!" ಎಂದ ಹಿಂದಿನಿಂದ ಒಬ್ಬ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹೌದು, ನಕ್ಕೆ, ಸುಮ್ಮನಿದ್ದರೆ ಗೊತ್ತಾಗುತ್ತದೆಂಬ ಹೆದರಿಕೆಗೆ.

ಮೇಡಂ ನಗಲಿಲ್ಲ. "ನಡುವೆ ಮೇಣದ ಕಾಗದ ಇಡದೆ ಒತ್ತಿದಾರೆ. ಹತ್ತೊಂಬತ್ತು ಹಾಳೆ ಒಂದಾಗಿದೆ. ಅದರಲ್ಲಿ ನಾನೂರು ಚಿಲ್ಲರೆ ಮಕ್ಕಳ ಹೆಸರಿದೆ. ಅವರೆಲ್ಲ ಈಗ ಮುದುಕರು. ಜನನ ಪತ್ರ ಬೇಕು ಅಂತ ಬಂದ್ರೆ, ನಗರಸಭೆಯವರು ಪುಟ ತೆರೆಯಲ್ಲ ಅಂತ ವಾಪಸು ಕಳಿಸ್ತಾರೆ." ಹಿಂಬದಿಯ ಲೇಬಲ್ಲನ್ನು ಬೆರಳಿನಿಂದ ತಟ್ಟಿದರು. "ಈ ಲೇಬಲ್ಲಿನವರು ಮತ್ತೆ ಕೆಲಸ ಕೇಳಿದಾರಂತೆ. ಕೊಡಬಹುದಾ ಅಂತ ನಮ್ಮನ್ನ ಕೇಳಿದಾರೆ. ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಶುಕ್ರವಾರಕ್ಕೆ ಎಲ್ಲರೂ ಒಂದೊಂದು ವರದಿ ಬರೀರಿ. ನಗರಸಭೆಗೆ ಹೋಗೋ ವರದಿ ನನ್ನದು. ಈಗಿನ ಲೆಕ್ಕಕ್ಕೆ, ಬೇಡ ಅಂತ ಬರೀತೀನಿ."

ಮಧ್ಯಾಹ್ನದ ತರಗತಿಗೆ ಚಕ್ಕರ್ ಹೊಡೆದು ಮನೆಗೆ ಬಂದೆ. ಚಿಕ್ಕಮ್ಮ ಆಗತಾನೆ ಕೆಲಸದಿಂದ ಬಂದು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿದ್ದಳು.

"ಯಾಕೆ ಚೆನ್ನಾಗಿದೆ ಅಂದೆ?" ಎಂದೆ.

ಯಾವುದು ಎಂದು ಅವಳು ಕೇಳಲಿಲ್ಲ. ಚಾಚಿದ್ದ ಕಾಲು ಮಡಚಿಕೊಂಡಳು. "ಮುಖ ಇಷ್ಟಗಲ ಮಾಡ್ಕೊಂಡು ನಿಂತಿದ್ದೆ ನೀನು. ಆ ಮುಖಕ್ಕೆ ಏನಂತ ಹೇಳ್ಲಿ? ನೀನು ಸ್ಕೂಲಿಗೆ ಹೋದ್ಮೇಲೆ ಬಿಚ್ಚಿ ಸರಿ ಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ನಗರಸಭೆ ಜವಾನ ಬಂದ. ನೀನೇ ಓಡಿಹೋಗಿ ಕೊಟ್ಟುಬಿಟ್ಟೆ."

"ವಾಪಸು ತರಿಸ್ಬಹುದಿತ್ತು."

"ತರಿಸಿದ್ರೆ ನಿಂಗೆ ಗೊತ್ತಾಗ್ತಿತ್ತು. ಮೂರು ವಾರ ತಾನೇ, ಈ ಹುಡುಗಿ ನಗ್ತಾ ಊರಿಗೆ ಹೋಗ್ಲಿ, ಆಮೇಲೆ ನೋಡೋಣ ಅಂದೆ. ಅಷ್ಟರಲ್ಲಿ ಅದು ಕಲ್ಲಾಗಿತ್ತು."

"ನಾನು ಮಾಡಿದ್ದು ಅಂತ ಅವರಿಗೆ ಹೇಳ್ಬೇಕಿತ್ತು!"

"ಲೇಬಲ್ಲು ಯಾರದೋ ಕೆಲಸ ಅವರದು. ನಮ್ಮ ಕಸುಬಿನಲ್ಲಿ ಹಾಗೇ. ಸ್ಕೂಲು ಹುಡುಗಿ ಮಾಡಿದ್ದು ಅಂತ ಬೆರಳು ತೋರಿಸ್ಲಾ? ಥೂ."

ನನಗೆ ಅಳು ಬರಬೇಕಿತ್ತು. ಬಂದದ್ದು ಕೆಂಡದಂಥ ಸಿಟ್ಟು. "ನಿನ್ನ ಒಳ್ಳೆತನಕ್ಕೆ ಬೆಂಕಿ ಹಾಕ! ನಿನ್ನ ಒಂದು ಮಾತು ನಂಬ್ಕೊಂಡು ನಾನು ಇಲ್ಲಿ ತನಕ ಬಂದೆ. ನಂಗೆ ಈ ಕೆಲಸ ಬರತ್ತೆ ಅಂತ ತಿಳ್ಕೊಂಡಿದ್ದೆ. ಬರತ್ತಾ ನಂಗೆ? ಹೇಳು, ಬರತ್ತಾ?"

ಅವಳು ಎದ್ದು ನಿಂತು, "ಕಾಲೇಜಲ್ಲಿ ಬಾಯಿ ಬಿಟ್ಟೀಯ, ಜೋಕೆ. ಅರ್ಜಿಯಲ್ಲಿ ಏನು ಬರೆದಿದ್ದೆ ಅಂತ ಫೋನಲ್ಲಿ ಓದಿ ಹೇಳಿದ್ಯಲ್ಲ, ಆ ಸೀಟು ಹೋಗತ್ತೆ. ನಂದು ಹೋಗಿದ್ದು ಹೋಯ್ತು, ನಿಂದೂ ಯಾಕೆ? ಹೇಳಿದ್ಯೋ, ಈ ಮನೆ ಮೆಟ್ಟಿಲು ಹತ್ಬೇಡ" ಎಂದಳು.

ಮಹಡಿಗೆ ಹೋಗಿ ಗಿಡ್ಡ ಮಂಚದ ಮೇಲೆ ಕೂತೆ. ಸತ್ಯ ಹೇಳಿದರೆ ಮನೆಯಿಂದ ಹೊರಗೆ, ಸೀಟಿನಿಂದಲೂ ಹೊರಗೆ. ಸುಮ್ಮನಿದ್ದರೆ ಎರಡೂ ಉಳಿಯುತ್ತವೆ, ಚಿಕ್ಕಮ್ಮ ಸಾಯುವತನಕ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಿಸುತ್ತಾಳೆ. ಅವಳ ಮಾತು ಮೀರುವುದು ಅವಳಿಗೆ ಮಾಡುವ ಉಪಕಾರವೋ ದ್ರೋಹವೋ? ಬೇಡ ಎನ್ನುವವಳ ಬಾಯಿಗೆ ತುರುಕುವುದು ಎಷ್ಟು ಸರಿ? ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹಿಂದೆ ಬರುತ್ತಿದ್ದೆ. ಕೊನೆಗೆ ಅಮ್ಮನಿಗೆ ಫೋನು ಮಾಡಿದೆ. ಅವಳು ಲ್ಯಾಬಿನಲ್ಲಿದ್ದಳು, ಹಿಂದೆ ಯಾವುದೋ ಮಗು ಕಿರುಚುತ್ತಿತ್ತು.

ಎಲ್ಲ ಕೇಳಿಸಿಕೊಂಡು, "ನಾನು ಹಾಕ್ಕೊಟ್ಟ ಬ್ಯಾಂಡೇಜಾ?" ಎಂದಳು. "ಹಾಗಿದ್ರೆ ಕಳ್ಳಮಾಲಲ್ಲಿ ನಂದೂ ಪಾಲಿದೆ."

"ತಮಾಷೆ ಮಾಡ್ಬೇಡ ಅಮ್ಮ. ಏನು ಮಾಡ್ಲಿ?"

"ನಂಗೇನು ಗೊತ್ತು ನಿಮ್ಮ ಪುಸ್ತಕದ ವಿಷ್ಯ. ನಂಗೆ ಗೊತ್ತಿರೋದು ಸೂಜಿ. ನೋಯಲ್ಲ ಅಂತ ಸುಳ್ಳು ಹೇಳಿ ಚುಚ್ಚಿದ್ರೆ, ಮುಂದಿನ ಸಲ ಆ ಮಗು ತೋಳೇ ಕೊಡಲ್ಲ. ನೋಯತ್ತೆ ಅಂತ ಹೇಳೇ ಚುಚ್ಬೇಕು. ಇರು, ಈ ಮಗು ಒದೀತಿದೆ, ಫೋನಿಡ್ತೀನಿ."

ಗುರುವಾರವೆಲ್ಲ ಬರೆದೆ, ಹರಿದೆ. ಚಿಕ್ಕಮ್ಮ ಬಡಿಸಿದಳು, ನಾನು ತಿಂದೆ, ಇಬ್ಬರೂ ಮಾತಾಡಲಿಲ್ಲ. ಚಿಕ್ಕಪ್ಪ ಮಾತ್ರ ನಡುವೆ ಕೂತು, "ಉಪ್ಪು ಸರಿಯಾಗಿದೆ" ಎಂದು ಎರಡೆರಡು ಸಲ ಹೇಳಿದ.

ಶುಕ್ರವಾರ ವರದಿ ಕೊಟ್ಟೆ. ಒಂದೇ ಹಾಳೆ. ಮೊದಲ ವಾಕ್ಯ ಬರೆಯಲು ಕಷ್ಟವಾಗಲಿಲ್ಲ, ಅದು ಮೊದಲೇ ಬರೆದಿಟ್ಟದ್ದು. "ಹದಿನಾರನೇ ವಯಸ್ಸಿನಲ್ಲಿ, ನಿಮ್ಮ ಊರಿನ ಜನನ ನೋಂದಣಿ ರಿಜಿಸ್ಟರೊಂದನ್ನು ನನ್ನ ಕೈಯಾರೆ ರಿಪೇರಿ ಮಾಡಿದೆ." ಅದರ ಕೆಳಗೆ, ಏನು ಹಾಕಿದೆ, ಹೇಗೆ ಒತ್ತಿದೆ, ಲೇಬಲ್ಲು ಅಂಟಿಸಿದ್ದು ಯಾರು, ರಟ್ಟು ಕಟ್ಟುವವಳು ಆ ನಾಲ್ಕು ದಿನ ಊರಲ್ಲೇ ಇರಲಿಲ್ಲ ಎಂಬುದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆದಿದ್ದೆ.

ಮೇಡಂ ನಿಂತುಕೊಂಡೇ ಓದಿದರು. ಆಮೇಲೆ ಕೂತು ಇನ್ನೊಂದು ಸಲ ಓದಿದರು. "ಈ ವಾಕ್ಯ ನಾನು ಮೊದಲೇ ಓದಿದೀನಿ" ಎಂದರು. "ಅರ್ಜಿ ಆರಿಸೋ ಸಮಿತಿಯಲ್ಲಿ ನಾನೂ ಇದ್ದೆ."

"ಹೌದು ಮೇಡಂ."

"ಬಿಳಿ ಅಂಟಿಗೆ ನೀರು ಬೆರೆಸಿದ್ಯಾ?"

"ಇಲ್ಲ. ಹಾಗೇ ಗಟ್ಟಿಯಾಗಿ ಬಳಿದೆ."

"ಬೆರೆಸದೇ ಇದ್ದದ್ದು ಒಳ್ಳೆದಾಯ್ತು. ಕಾಗದದ ಒಳಗೆ ಇಳಿದಿರಲ್ಲ. ಬಿಸಿ ಹಚ್ಚಿದ್ರೆ ಒಂದೊಂದೇ ಹಾಳೆ ಏಳಬಹುದು, ಏಳದೇನೂ ಇರಬಹುದು." ಅದನ್ನು ಗುರುತು ಹಾಕಿಕೊಂಡರು. "ಆ ಲೇಬಲ್ಲಿನವರ ಬೇರೆ ಕೆಲಸ ನೋಡ್ಬೇಕು ನಾನು. ಸೋಮವಾರ ಬರ್ತೀನಿ ಅಂತ ಈಗ್ಲೇ ಫೋನು ಮಾಡ್ತೀನಿ. ನಿನ್ನ ಸೀಟಿನ ಮಾತು ಸಮಿತಿ ಹೇಳ್ಬೇಕು. ಹದಿನೈದು ದಿನ ಆಗತ್ತೆ. ಅಲ್ಲಿ ತನಕ ತರಗತಿಗೆ ಬಾ."

ಬೈದರೋ ಹೊಗಳಿದರೋ ಒಂದೂ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಚಿಕ್ಕಪ್ಪ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಏನೂ ಕೇಳದೆ ನಮ್ಮ ನಿಲ್ದಾಣ ಬರುವವರೆಗೂ ಓಡಿಸಿದ. ಇಳಿಯುವಾಗ, "ಹಿಂದಿನ ಬಾಗಿಲಿಂದ ಹೋಗು. ಆ ಕಡೆ ಮೆಟ್ಟಿಲಿಲ್ಲ" ಎಂದ.

ನಾನು ಮುಂದಿನ ಬಾಗಿಲಿಗೇ ಹೋಗಿ, ಮೆಟ್ಟಿಲು ಹತ್ತದೆ ಅಂಗಳದಲ್ಲಿ ನಿಂತೆ. ಚಿಕ್ಕಮ್ಮ ಬಾಗಿಲಲ್ಲೇ ಇದ್ದಳು. ಕಣ್ಣು ಕೆಂಪಾಗಿತ್ತು. ಸಿಟ್ಟಿಗೋ ಅಳುವಿಗೋ ಹೇಳಲಾರೆ, ಬಹುಶಃ ಅವಳಿಗೂ ಗೊತ್ತಿರಲಿಲ್ಲ.

"ಬಂದ್ಲು ನೋಡು ಮಹಾತಾಯಿ" ಎಂದಳು. "ಯಾರನ್ನ ಕೇಳಿ ಹೇಳಿದೆ?"

"ಯಾರನ್ನೂ ಕೇಳ್ಲಿಲ್ಲ. ಪೆಟ್ಟಿಗೆ ತಗೊಂಡು ಹೋಗ್ತೀನಿ. ಮೇಲಿಂದ ಕೆಳಗೆ ಹಾಕು."

"ಚಕ್ರ ಮುರಿದ ಪೆಟ್ಟಿಗೆ ಎಳ್ಕೊಂಡು ಎಲ್ಲಿಗೆ ಹೋಗ್ತೀಯ, ಮಣ್ಣು ತಿನ್ನೋಕೆ?" ಅವಳು ಸೊಂಟದಿಂದ ಏನೋ ತೆಗೆದು ನನ್ನ ಕಡೆ ಎಸೆದಳು. ಹಿಡಿಯಲಾಗದೆ ಕೆಳಗೆ ಬಿತ್ತು. ಬೀಗದ ಕೈ. "ಸೋಮವಾರ ಬರ್ತಾರಂತೆ ನಿಮ್ ಮೇಡಂ. ಒಳಗೆ ಎಂಟು ವರ್ಷದ ಧೂಳಿದೆ. ಬಾ, ನಿಂತ್ಕೊಂಡು ಏನು ನೋಡ್ತೀಯ?"

ಧೂಳು ಸುಳ್ಳಾಗಿರಲಿಲ್ಲ. ಗುಡಿಸಿ ಒರೆಸುವುದರಲ್ಲೇ ಶನಿವಾರ ಕಳೆಯಿತು. ಒತ್ತುಯಂತ್ರದ ತಿರುಗಣೆಗೆ ಎಣ್ಣೆ ಬಿಟ್ಟೆವು, ಕಿರ್‍ರೆಂದು ತಿರುಗಿತು. ಭಾನುವಾರ ಬೆಳಗ್ಗೆ ಅವಳು ಹಳೆಯ ಪಾತ್ರೆ ತಂದು ನನ್ನ ಮುಂದೆ ಕುಕ್ಕಿ, "ಅಂಟು ಕಾಯಿಸು" ಎಂದಳು.

ಗೋಧಿಹಿಟ್ಟನ್ನು ತಣ್ಣೀರಲ್ಲಿ ಕದಡಿದೆ, ಸಣ್ಣ ಉರಿ ಇಟ್ಟೆ, ಒಂದೇ ದಿಕ್ಕಿಗೆ ಕಲಕಿದೆ. ಸೀಟು ಉಳಿಯುತ್ತದೋ ಇಲ್ಲವೋ, ಈ ಮನೆಗೆ ನಾನು ಮಗಳೋ ಅತಿಥಿಯೋ, ಬಂದು ತಪ್ಪು ಮಾಡಿದೆನೋ, ಒಂದಕ್ಕೂ ಉತ್ತರ ಸಿಕ್ಕಿರಲಿಲ್ಲ. ಅಂಟು ಗಟ್ಟಿಯಾಗುತ್ತ ಬಂತು, ಮೇಲೆ ಹೊಳಪು ಕಂಡಿತು. ಪಾತ್ರೆ ಇಳಿಸಿ ಅವಳ ಮುಂದೆ ಹಿಡಿದೆ.

ಚಿಕ್ಕಮ್ಮ ಬೆರಳು ಅದ್ದಿದಳು. ಹೆಬ್ಬೆರಳಿನಿಂದ ಉಜ್ಜಿದಳು. ನನ್ನ ಮುಖ ನೋಡಿದಳು. ನಾನು ಮುಖವನ್ನು ಬೇರೆ ಕಡೆ ತಿರುಗಿಸಲಿಲ್ಲ.

"ಗಂಟಿದೆ" ಎಂದಳು. "ಚೆನ್ನಾಗಿಲ್ಲ. ಚೆಲ್ಲು."

ಎಂಟು ವರ್ಷದಿಂದ ಕಾದದ್ದು ಇದಕ್ಕೇ ಏನೋ, ನನಗೆ ಗಳಗಳ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಹಿಟ್ಟಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಮೂಗು ಒರೆಸಿಕೊಂಡು ಪಾತ್ರೆ ತೊಳೆಯಲು ಎದ್ದೆ.